ಫ್ಯಾನಿಗೆ ಕಂಬಳಿ ಹೊದಿಸಿದ ಕಾಟಯ್ಯ

ಮಂಜಿನ್ನೂ ಕರಗಿಲ್ಲ. ಮದಕರಿಪುರದಾಚೆಯ ಗುಡ್ಡದ ಮೇಲೆ ಕಾವಲುಗಾರ ಕಾಟಯ್ಯ ಗಾಳಿಯಂತ್ರದ ಕಂಬಕ್ಕೆ ಕಿವಿಯಾನಿಸಿ ನಿಂತಿದ್ದಾರೆ. ಆಮೇಲೆ ಬುಡದ ಬಾಗಿಲು ತೆಗೆದು, ಕರೆಂಟಿನ ಪೆಟ್ಟಿಗೆಯ ದೂಳು ಒರೆಸುತ್ತಾರೆ. ಊರಿಗೆಲ್ಲ ಇದು ಫ್ಯಾನು. ಈ ಗುಡ್ಡಕ್ಕೆ ಬಂದ ಮೊದಲನೆಯದಾದ್ದರಿಂದ ಇವರ ಬಾಯಲ್ಲಿ ಮಾತ್ರ 'ನಮ್ ದೊಡ್ಡವ್ಳು'.

ಡೆನ್ಮಾರ್ಕಿನವರು ಇದನ್ನು ನಿಲ್ಲಿಸಲು ಬಂದಾಗ ಕಾಟಯ್ಯ ಇಲ್ಲಿ ಕುರಿ ಮೇಯಿಸುತ್ತಿದ್ದರು. ದಾರಿ ತೋರಿಸಲು ಹೋದವರು ಕಾವಲಿಗೆ ಉಳಿದರು. ಮುಂದೆ ಯಂತ್ರದ ಗೇರು ಸರಿಮಾಡಲು ಜರ್ಮನಿಯವರು, ರೆಕ್ಕೆ ಬದಲಿಸಲು ಸ್ಪೇನಿನವರು ಬಂದರು. ಕಚ್ಚಾ ಎಣ್ಣೆಯ ಬೆಲೆ ಏರಿ ಕಂಗಾಲಾದ ದೇಶಗಳು ಗಾಳಿಯಿಂದ ಕರೆಂಟು ತೆಗೆಯುವ ವಿದ್ಯೆ ಹಂಚಿಕೊಂಡ ಕಥೆ ಪುಸ್ತಕಗಳಲ್ಲಿ ಸಿಗುತ್ತದೆ. ಕಾಟಯ್ಯನವರ ಹೆಸರು ಅಲ್ಲೆಲ್ಲೂ ಸಿಗುವುದಿಲ್ಲ.

ಮೊದಲ ಆಷಾಢದಲ್ಲೇ ಇವರೊಂದು ಎಡವಟ್ಟು ಮಾಡಿದ್ದರು. ಗಾಳಿಗೆ ಕಂಬದ ಜೊತೆ ಒಳಗಿನ ಪೆಟ್ಟಿಗೆಯೂ ಗಡಗಡ ಅಲುಗುವುದನ್ನು ಕಂಡು ಮನೆಯಿಂದ ಕಂಬಳಿ ತಂದಿದ್ದರು. "ಎಳೇ ಮರಿ ನಡುಗಿದ್ರೆ ಕಂಬಳಿ ಹೊದಿಸ್ತೀವಲ್ರಿ, ಹಂಗೇ ಹೊದಿಸ್ದೆ," ಎಂದು ನಗುತ್ತಾರೆ. ಪೆಟ್ಟಿಗೆ ಕಾದು ಫ್ಯಾನು ನಿಂತೇಹೋಯಿತು. ಓಡಿಬಂದ ಡೆನ್ಮಾರ್ಕಿನ ಎಂಜಿನಿಯರ್ ಮುಖ ಕೆಂಪಗೆ ಮಾಡಿಕೊಂಡು ಬೈದ. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ಕಂಬಳಿ ಕಿತ್ತು ಎಸೆಯಲು ಹೋದವನು ಚಳಿ ತಡೆಯದೆ ತಾನೇ ಅದನ್ನು ಹೊದ್ದು ರಿಪೇರಿಗೆ ಕುಳಿತ. ಊರಿಗೆ ಹೊರಟಾಗಲೂ ವಾಪಸ್ ಕೊಡಲಿಲ್ಲ!

ಅಂದಿನಿಂದ ಗುಡ್ಡಕ್ಕೆ ಬಂದ ಹೊರದೇಶದವರಿಗೆಲ್ಲ ಇವರ ಮನೆಯದೇ ಕಂಬಳಿ. "ಉಣ್ಣೆಯೆಲ್ಲ ಫಾರಿನ್ನಿಗೆ ಹೋಗೈತೆ, ನಮಗೆ ಉಳಿದಿದ್ದು ಹರಕು," ಎಂದು ಹೆಂಡತಿ ಪಾಲಮ್ಮ ಛೇಡಿಸುತ್ತಾರೆ.

ಈಗ ದೊಡ್ಡವಳಿಗೆ ವಯಸ್ಸಾಗಿದೆ. ಆಷಾಢಕ್ಕೆ ಮೊದಲೇ ಇಳಿಸಿ, ಆ ಜಾಗದಲ್ಲಿ ಇನ್ನೂ ಎತ್ತರದ್ದನ್ನು ನಿಲ್ಲಿಸುತ್ತಾರೆ. ಅದನ್ನು ದೂರದ ಆಫೀಸಿನ ಕಂಪ್ಯೂಟರೇ ಕಾಯುತ್ತದಂತೆ. ಕಾಟಯ್ಯನವರನ್ನು ಕೆಳಗಿನ ಗೇಟಿಗೆ ಹಾಕುತ್ತಾರಂತೆ. ಕೆಲಸ ಉಳಿಯಿತಲ್ಲ ಎಂದು ಊರವರು ಸಮಾಧಾನ ಹೇಳಿದರೆ ಇವರಿಗೆ ಅದು ನಾಟುವುದಿಲ್ಲ. ಕೊನೆಯ ಸಲ ನಿಲ್ಲಿಸುವ ಗುಂಡಿ ತಾವೇ ಒತ್ತಬೇಕೆಂದು ಆಫೀಸಿನವರನ್ನು ಕೇಳಿದ್ದರು. ಅದೂ ಅಲ್ಲಿಂದಲೇ ಆಗುತ್ತದೆ ಎಂದರಂತೆ.

ಪಾಲಮ್ಮ ಮನೆಯೊಳಗಿಂದ ಹೊಸ ಕಂಬಳಿಯೊಂದನ್ನು ತಂದು ತೋರಿಸುತ್ತಾರೆ. ಹೊಸ ಫ್ಯಾನಿನವರಿಗಾ ಎಂದು ಕೇಳಿದರೆ ಕಾಟಯ್ಯ ಅಲ್ಲವೆಂದು ತಲೆಯಾಡಿಸುತ್ತಾರೆ.

"ಗುಂಡಿ ಅವ್ರೇ ಒತ್ಲಿ ಬಿಡ್ರಿ. ನಿಂತ ಮ್ಯಾಲೆ ಆ ಪೆಟ್ಟಿಗೆಗೆ ಇದನ್ನ ಹೊದಿಸ್ಬೇಕು. ಈ ಸಲ ಬಿಸಿ ಆಗಲ್ಲ, ಬೈಯೋರೂ ಇಲ್ಲ."