ಎಂಜಿನ್ನಿನ ಒಳಗೆ ತಾಹೆರಾ ಕೈಗೆಲಸ

ಯಶವಂತಪುರ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಈರುಳ್ಳಿ ಲಾರಿಗಳು ಒಂದರ ಹಿಂದೊಂದು ಒಳಗೆ ನುಗ್ಗುತ್ತಿವೆ. ತಗಡಿನ ಷೆಡ್ಡೊಂದರ ಮುಂದೆ ತಾಹೆರಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಇದ್ದಿಲ ಒಲೆಗೆ ತಿದಿ ಒತ್ತುತ್ತಿದ್ದಾರೆ. ಇಕ್ಕಳದಲ್ಲಿ ಹಿಡಿದ ತಾಮ್ರದ ತಗಡನ್ನು ಕೆಂಡದ ಮೇಲೆ ಆಚೆಯಿಂದೀಚೆಗೆ ಮೆಲ್ಲಗೆ ಸರಿಸುತ್ತಾರೆ. ತಗಡು ಮಂಕು ಕೆಂಪಿಗೆ ತಿರುಗಿದ ಕೂಡಲೇ ಬಕೆಟ್ಟಿನ ನೀರಿಗೆ ಅದ್ದುತ್ತಾರೆ. ಚುಂಯ್ ಎಂದು ಹಬೆ ಏಳುತ್ತದೆ.

"ಬಿಸಿಲು ಬಂದ್ಮೇಲೆ ಈ ಕೆಂಪು ಕಣ್ಣಿಗೆ ಕಾಣಲ್ಲ. ಅದಕ್ಕೇ ಇಷ್ಟೊತ್ತಿಗೇ ಕಾಯಿಸ್ಬೇಕು," ಎನ್ನುತ್ತಾರೆ ಅವರು. "ಉಕ್ಕನ್ನ ಹಿಂಗೆ ಕಾಯಿಸಿ ನೀರಿಗೆ ಹಾಕಿದ್ರೆ ಗಟ್ಟಿ ಆಗುತ್ತೆ. ತಾಮ್ರ ಮೆತ್ತಗಾಗುತ್ತೆ. ಮೆತ್ತಗಿದ್ರೇನೇ ಎಂಜಿನ್ ಮೇಲೆ ಸರಿಯಾಗಿ ಕೂತ್ಕೊಳ್ಳೋದು."

ಕಾರಿನ ಎಂಜಿನ್ನಿನಲ್ಲಿ ಕೆಳಗೊಂದು ಕಬ್ಬಿಣದ ದಿಮ್ಮಿ, ಮೇಲೊಂದು ಭಾರದ ಮುಚ್ಚಳ. ಮುಚ್ಚಳಕ್ಕೆ ಮೆಕ್ಯಾನಿಕ್ಕುಗಳು ಹೆಡ್ ಎನ್ನುತ್ತಾರೆ. ಎರಡರ ನಡುವೆ ಕೂರುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಬೆಂಕಿ, ನೀರು, ಎಣ್ಣೆ ಮೂರೂ ಅಲ್ಲಿ ಅಕ್ಕಪಕ್ಕದಲ್ಲೇ ಓಡಾಡುತ್ತವೆ. ಒಂದಕ್ಕೊಂದು ಸೇರದಂತೆ ತಡೆಯುವುದು ಈ ಹಾಳೆಯ ಕೆಲಸ. ಅದು ಸುಟ್ಟುಹೋದರೆ ನೀರು ಎಣ್ಣೆಗೆ ಇಳಿಯುತ್ತದೆ, ರೇಡಿಯೇಟರ್ ಕುದಿಯುತ್ತದೆ, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಈಗಿನ ಗಾಡಿಗಳಿಗೆ ಬೇಕಾದ ಗ್ಯಾಸ್ಕೆಟ್ ಅಂಗಡಿಯಲ್ಲಿ ದೊರೆಯುತ್ತದೆ. ಆಮದು ನಿಂತುಹೋದ ಹಳೆಯ ವಿಲಾಯತಿ ಕಾರುಗಳಿಗೆ ಮಾತ್ರ ಈ ಷೆಡ್ಡೇ ಗತಿ. ಸುತ್ತಿಗೆ, ಉಳಿ, ಅರಗಳಿಂದ ತಾಹೆರಾ ಅವನ್ನು ಕೈಯಲ್ಲೇ ಕತ್ತರಿಸಿ ಕೊಡುತ್ತಾರೆ. ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಗ್ಯಾರೇಜುಗಳಿಂದ ಬೆಳಗಾಗುತ್ತಲೇ ಯಾರಾದರೊಬ್ಬರು ಸೈಕಲ್ಲಿನ ಮೇಲೆ ಬರುತ್ತಾರೆ.

ಈ ವಿದ್ಯೆ ಅವರಿಗೆ ಬಂದದ್ದು ಮಾವನವರಾದ ಲಾಲ್ ಸಾಬ್ ಅವರಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಾಲಹಳ್ಳಿ ಕಡೆಯ ಮಿಲಿಟರಿ ಲಾರಿಗಳಿಗೆ ಗ್ಯಾಸ್ಕೆಟ್ ಕತ್ತರಿಸುತ್ತಿದ್ದ ಲಾಲ್ ಸಾಬ್, ಆಮೇಲೆ ಯಶವಂತಪುರದಲ್ಲಿ ಸ್ವಂತ ಷೆಡ್ಡು ಹಾಕಿದರು. ಮಗ ಖಾದರ್ ಬಾಷಾ ಲಾರಿ ಡ್ರೈವರ್, ಮನೆಯಲ್ಲಿರುವುದೇ ಅಪರೂಪ. ದೊಡ್ಡಬಳ್ಳಾಪುರದಿಂದ ಸೊಸೆಯಾಗಿ ಬಂದ ತಾಹೆರಾ ಮೊದಲು ಮಾವನಿಗೆ ಚಹಾ ತಂದುಕೊಡುತ್ತಿದ್ದರು. ಆಮೇಲೆ ತಗಡು ಅಲುಗಾಡದಂತೆ ಹಿಡಿದುಕೊಳ್ಳತೊಡಗಿದರು. ಮುದುಕರ ಕಣ್ಣಿಗೆ ಪೊರೆ ಬೆಳೆಯುತ್ತ ಬಂದಂತೆ ಸುತ್ತಿಗೆಯೂ ತಾಹೆರಾ ಕೈಗೇ ಬಂತು. ಕಾಗದ ಮತ್ತು ಬಿರಡೆಯ, ಅಂದರೆ ಕಾರ್ಕ್ ಹಾಳೆಯ, ಸಣ್ಣಪುಟ್ಟ ಗ್ಯಾಸ್ಕೆಟ್ಟುಗಳನ್ನೆಲ್ಲ ಅವರೇ ಕತ್ತರಿಸುತ್ತಿದ್ದರು. ಹೆಸರು ಮಾತ್ರ ಲಾಲ್ ಸಾಬರದೇ ಇತ್ತು.

"ಹೆಂಗಸು ಮಾಡಿದ್ದು ಅಂದ್ರೆ ವಾಪಸ್ ಕೊಡ್ತಾರೇನೋ ಅಂತ ಭಯ," ಎಂದು ತಾಹೆರಾ ನಗುತ್ತಾರೆ. "ಅಬ್ಬಾ ಹೊರಗೆ ಕೂತು ಮಾತಾಡೋರು, ನಾನು ಒಳಗೆ ಕತ್ತರಿಸ್ತಿದ್ದೆ."

ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಒಂದು ಕಾರು ಅವರನ್ನು ಹೊರಗೆ ಕರೆತಂದಿತು.

ಅಲ್ಲಾಳಸಂದ್ರದ ವೇಣುಗೋಪಾಲ ಎಂಬ ನಿವೃತ್ತ ಗುಮಾಸ್ತರ ಮಗಳು ನಾಗಮಣಿ. ಚಿಕ್ಕಂದಿನಲ್ಲೇ ಪೋಲಿಯೋ ತಗುಲಿ, ಕಾಲುಗಳಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಊರುಗೋಲಿನಲ್ಲಿ ನಡೆಯುವ ಹುಡುಗಿ. ನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿದಾಗ ಮನೆಯವರ ಸಂತೋಷ ಹೇಳತೀರದು. ಆದರೆ ಹೋಗುವುದು ಹೇಗೆ? ಬೆಳಗಿನ ಪಾಳಿ, ತುಂಬಿದ ಬಸ್ಸು. ಒಮ್ಮೆ ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಹತ್ತುವಾಗ ಬಿದ್ದು ಮೊಣಕೈ ಒಡೆದುಕೊಂಡಳು. ಅಷ್ಟು ಹೊತ್ತಿಗೇ ಅಲ್ಲಾಳಸಂದ್ರದವರೆಗೆ ಬರಲು ಆಟೋದವರು ಒಪ್ಪುತ್ತಿರಲಿಲ್ಲ. ಊರು ಬಿಟ್ಟು ಹೊರಟಿದ್ದ ಅಧಿಕಾರಿಯೊಬ್ಬರ ಹಳೆಯ ವಿಲಾಯತಿ ಕಾರನ್ನು ವೇಣುಗೋಪಾಲ ಕೊಂಡರು. ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಮಗಳನ್ನು ತಾವೇ ಬಿಟ್ಟು ಬರತೊಡಗಿದರು.

ಕಾರು ಕೆಲವು ತಿಂಗಳು ಚೆನ್ನಾಗಿಯೇ ಓಡಿತು. ಒಂದು ಬೆಳಿಗ್ಗೆ ಹೆಬ್ಬಾಳದ ಏರಿನಲ್ಲಿ ಬಾನೆಟ್ಟಿನಿಂದ ಹಬೆ ಎದ್ದು ನಿಂತೇ ಹೋಯಿತು. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗಿತ್ತು. ಗಂಗಾನಗರದ ಮೆಕ್ಯಾನಿಕ್ ಅಕ್ಬರ್ ಪಾಷಾ ಕಾರನ್ನು ಎಳೆತರಿಸಿ, ಹೆಡ್ ಬಿಚ್ಚಿ ತೋರಿಸಿದರು. ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಸುಟ್ಟು ಕರಕಲಾಗಿತ್ತು.

ಜೆ.ಸಿ. ರಸ್ತೆಯ ಅಂಗಡಿಗಳಲ್ಲೆಲ್ಲ ಇಲ್ಲವೆಂಬ ಉತ್ತರ. ಗುಜರಿಗೆ ಹಾಕಿ ಎಂದರು ಕೆಲವರು. ನಾಗಮಣಿಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ರಜೆ ಮುಗಿಯುತ್ತ ಬಂದಿತ್ತು. "ಅಪ್ಪಾ, ಕೆಲಸ ಬಿಡ್ತೀನಿ ಅಂತ ಬರ್ದುಕೊಟ್ಬಿಡ್ಲಾ?" ಎಂದು ಆಕೆ ಕೇಳಿದ ದಿನ ವೇಣುಗೋಪಾಲ ಊಟ ಮಾಡಲಿಲ್ಲ.

ಅಕ್ಬರ್ ಪಾಷಾ ಹೆಡ್ಡಿನ ಮುಖವನ್ನು ಲೇಥಿನಲ್ಲಿ ಸಮ ಮಾಡಿಸಿ, ಗೋಣಿತಾಟಿನಲ್ಲಿ ಸುತ್ತಿ, ಆಟೋದಲ್ಲಿ ಲಾಲ್ ಸಾಬರ ಷೆಡ್ಡಿಗೆ ತಂದರು.

"ನನ್ನ ಕಣ್ಣು ಹೋಯ್ತಲ್ಲೋ," ಎಂದರು ಲಾಲ್ ಸಾಬ್. "ಇವಳು ಮಾಡ್ತಾಳೆ."

ಅಕ್ಬರ್ ಪಾಷಾ ಗೋಣಿತಾಟನ್ನು ಮತ್ತೆ ಹೆಡ್ಡಿನ ಮೇಲೆ ಎಳೆದರು. "ಚಾಚಾ, ಇದು ಹೆಡ್ ಗ್ಯಾಸ್ಕೆಟ್. ಓನರ್‌ಗೆ ಏನಂತ ಹೇಳ್ಲಿ?"

"ಮದ್ರಾಸಿಂದ ತರಿಸ್ದೆ ಅಂತ ಹೇಳು."

ಹಾಗೆಂದೇ ತೀರ್ಮಾನವಾಯಿತು. ಆ ಹುಡುಗಿಯ ವಿಷಯವನ್ನು ಅಕ್ಬರ್ ಪಾಷಾ ಹೇಳುವಾಗ ತಾಹೆರಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದರು. ಹೆಡ್ಡಿನ ಮುಖಕ್ಕೆ ಮಸಿ ಬೆರೆಸಿದ ಎಣ್ಣೆ ಸವರಿ, ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಅಚ್ಚು ತೆಗೆದರು. ಅದನ್ನು ತಾಮ್ರಕ್ಕೆ ಅಂಟಿಸಿ, ಉಳಿ ಇಟ್ಟು ಒಂದೊಂದೇ ತೂತು ಬಿಡಿಸಿದರು. ಮುಗಿದ ಮೇಲೆ ಮಾವನ ಕೈಗೆ ಕೊಟ್ಟರು. ಲಾಲ್ ಸಾಬ್ ಅಂಚಿನ ಉದ್ದಕ್ಕೂ ಹೆಬ್ಬೆರಳು ಆಡಿಸುತ್ತ ಹೋಗಿ ನಡುವಿನಲ್ಲಿ ನಿಲ್ಲಿಸಿದರು.

"ಎರಡನೇದಕ್ಕೂ ಮೂರನೇದಕ್ಕೂ ಮಧ್ಯದ ಪಟ್ಟಿ ಸಣ್ಣ ಆಗಿದೆ ಬೇಟಿ. ಮೊದ್ಲು ಸುಡೋದೇ ಅಲ್ಲಿ."

"ಇಷ್ಟಕ್ಕೆ ಏನಾಗಲ್ಲ ಚಾಚಾ," ಎಂದರು ಅಕ್ಬರ್ ಪಾಷಾ. "ಬೋಲ್ಟು ಟೈಟ್ ಮಾಡಿದ್ರೆ ಕೂತ್ಕೊಳ್ಳುತ್ತೆ. ಅವ್ರು ಕಾಯ್ತಿದಾರೆ."

ಅದುವರೆಗೆ ಅಕ್ಬರ್ ಪಾಷಾ ಎದುರು ಮಾತೇ ಆಡದಿದ್ದ ತಾಹೆರಾ ಒಳಗಿಂದಲೇ ಹೇಳಿದರು: "ಕೊಡಲ್ಲ. ಮತ್ತೆ ಸುಟ್ಟುಹೋದ್ರೆ ಆ ಹುಡುಗಿ ನಡುರಸ್ತೇಲಿ ಇಳಿದು ಎಲ್ಲಿಗೆ ನಡೀತಾಳೆ?"

ಮರುದಿನ ಅವರೇ ಬಸ್ಸು ಹತ್ತಿ ಚಿಕ್ಕಪೇಟೆಗೆ ಹೋಗಿ ಇನ್ನೊಂದು ತಗಡು ತಂದರು. ಈ ಸಲ ತೂತನ್ನು ಮೊದಲು ಚಿಕ್ಕದಾಗಿಯೇ ಬಿಡಿಸಿ, ಆಮೇಲೆ ಅರದಿಂದ ಉಜ್ಜಿ ಉಜ್ಜಿ ಗೆರೆಗೆ ತಂದರು. ಲಾಲ್ ಸಾಬರ ಹೆಬ್ಬೆರಳು ಈ ಬಾರಿ ಎಲ್ಲೂ ನಿಲ್ಲಲಿಲ್ಲ. ಅಕ್ಬರ್ ಪಾಷಾ ಅದನ್ನು ಕೂರಿಸಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಬಿಗಿದು, ಎಂಜಿನ್ ಕಾಯಿಸಿ ಮತ್ತೆ ಬಿಗಿದರು. ನಾಗಮಣಿ ಕೆಲಸಕ್ಕೆ ಮರಳಿದಳು. ವೇಣುಗೋಪಾಲ ಸಿಕ್ಕವರಿಗೆಲ್ಲ ಮದ್ರಾಸ್ ಮಾಲನ್ನು ಹೊಗಳಿದರು.

ವರ್ಷ ಕಳೆದು ಕೆಲಸ ಕಾಯಂ ಆದ ದಿನ ತಂದೆ ಮಗಳು ಸಿಹಿ ಹಂಚಲು ಗಂಗಾನಗರಕ್ಕೆ ಬಂದರು. ಎಲ್ಲರಿಗೂ ಕೊಟ್ಟಾದ ಮೇಲೆ ನಾಗಮಣಿ ಅಕ್ಬರ್ ಪಾಷಾರನ್ನು ಕೇಳಿದಳು: "ಆ ಮದ್ರಾಸ್ ಕಂಪನಿ ಹೆಸರೇನ್ರೀ? ಹೆಂಗೂ ಎಕ್ಸ್‌ಚೇಂಜ್ ಬೋರ್ಡ್ ಮುಂದೇನೇ ಕೂತಿರ್ತೀನಿ. ಒಂದು ಟ್ರಂಕ್ ಕಾಲ್ ಬುಕ್ ಮಾಡಿ ಥ್ಯಾಂಕ್ಸ್ ಹೇಳ್ಬೇಕು."

ಬಾಯಿಗೆ ಬಂದ ಹೆಸರು ಹೇಳಿದರೆ ಆಕೆ ನಿಜವಾಗಿಯೂ ಫೋನು ಮಾಡುವವಳೇ. ಅಕ್ಬರ್ ಪಾಷಾ ಕೈಯಲ್ಲಿದ್ದ ಮೈಸೂರು ಪಾಕನ್ನು ಕಾಗದದಲ್ಲಿ ಇಟ್ಟು, "ಮದ್ರಾಸಲ್ಲ ಅಮ್ಮ, ಯಶವಂತಪುರ," ಎಂದರು. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು. ವೇಣುಗೋಪಾಲರ ಮುಖ ಸಣ್ಣಗಾಯಿತು. ನಾಗಮಣಿ ಮಾತ್ರ ಊರುಗೋಲು ಎತ್ತಿಕೊಂಡು, "ಹಾಗಾದ್ರೆ ಟ್ರಂಕ್ ಕಾಲ್ ಬೇಡ. ನಡೀರಿ ಅಪ್ಪಾ, ಅಲ್ಲಿಗೇ ಹೋಗೋಣ," ಎಂದಳು.

ಗಲ್ಲಿಯ ತುದಿಯವರೆಗೆ ಕಾರು ಬಂದು ನಿಂತಿತು. ತಾಹೆರಾ ಹೊರಗೆ ಬಂದು ನೋಡಿದರು. ತಾವು ಕತ್ತರಿಸಿದ ಗ್ಯಾಸ್ಕೆಟ್ಟಿನ ಮೇಲೆ ಓಡುವ ಗಾಡಿಯನ್ನು ಅವರು ಕಂಡದ್ದು ಅದೇ ಮೊದಲು.

"ಇದರೊಳಗಿರೋ ಗ್ಯಾಸ್ಕೆಟ್ ನೀವೇ ಮಾಡಿದ್ದಂತೆ. ಒಂದು ವರ್ಷದಿಂದ ದಿನಾ ಡ್ಯೂಟಿಗೆ ಹೋಗ್ತಿದೀನಿ. ಒಂದು ದಿನಾನೂ ನಿಂತಿಲ್ಲ," ಎಂದಳು ನಾಗಮಣಿ.

ಓಡುತ್ತಿದ್ದ ಎಂಜಿನ್ನಿನ ಬಾನೆಟ್ಟಿನ ಮೇಲೆ ತಾಹೆರಾ ಅಂಗೈ ಇಟ್ಟು ಹಾಗೇ ನಿಂತರು. "ನನ್ನ ಹೆಸರು ಹಿಡಿದು ಹುಡುಕ್ಕೊಂಡು ಯಾರೂ ಬಂದಿರ್ಲಿಲ್ಲ," ಎಂದು ಈಗ ನೆನೆಯುತ್ತಾರೆ. "ಅವತ್ತು ಆ ಹುಡುಗಿ ಬರದೇ ಇದ್ದಿದ್ರೆ ನಾನು ಇವತ್ತೂ ಬಾಗಿಲ ಹಿಂದೇನೇ ಇರ್ತಿದ್ದೆ."

ಸ್ನೇಹ ಅಲ್ಲಿಗೇ ನಿಲ್ಲಲಿಲ್ಲ. ಲಾಲ್ ಸಾಬರ ಕಣ್ಣು ನೋಡಿದ ನಾಗಮಣಿ ಎಕ್ಸ್‌ಚೇಂಜಿನಲ್ಲಿ ಅವರಿವರನ್ನು ಕೇಳಿ ಕಣ್ಣಿನ ಡಾಕ್ಟರೊಬ್ಬರನ್ನು ಗೊತ್ತು ಮಾಡಿದಳು. ಆಪರೇಷನ್ನಿಗೆ ಮುದುಕರನ್ನು ಕರೆದೊಯ್ದು ತಂದದ್ದೂ ಅದೇ ಕಾರು, ಓಡಿಸಿದ್ದು ವೇಣುಗೋಪಾಲ. ದಪ್ಪ ಕನ್ನಡಕ ಬಂದ ದಿನ ಲಾಲ್ ಸಾಬ್ ಷೆಡ್ಡಿನಲ್ಲಿ ನೇತುಹಾಕಿದ್ದ ಹೊಸ ಗ್ಯಾಸ್ಕೆಟ್ಟೊಂದನ್ನು ತೆಗೆದು ಬಿಸಿಲಿಗೆ ಹಿಡಿದರು.

"ಪಟ್ಟಿ ನಂದಕ್ಕಿಂತ ಅಗಲ ಬಿಟ್ಟಿದೀಯ," ಎಂದರು.

"ತಪ್ಪಾ ಅಬ್ಬಾ?"

"ತಪ್ಪಲ್ಲ. ನನಗೆ ಹೊಳೆದಿರ್ಲಿಲ್ಲ."

ಅದಾದ ಮೇಲೆ ಅವರು ಎರಡು ವರ್ಷ ಬದುಕಿದ್ದರು. ಬಂದ ಮೆಕ್ಯಾನಿಕ್ಕುಗಳಿಗೆಲ್ಲ ಸೊಸೆಯನ್ನು ಹೆಸರು ಹಿಡಿದು ಪರಿಚಯ ಮಾಡಿಸಿಯೇ ಹೋದರು. ಈಗ ಅಕ್ಬರ್ ಪಾಷಾ ಕೂಡ ಯಾವ ಊರಿನ ಹೆಸರನ್ನೂ ಹೇಳುವುದಿಲ್ಲ. "ತಾಹೆರಾ ಭಾಬಿ ಮಾಡಿದ್ದು ಅಂದ್ರೆ ಓನರ್ ಇನ್ನೊಂದು ಪ್ರಶ್ನೇನೇ ಕೇಳಲ್ಲ," ಎನ್ನುತ್ತಾರೆ. ಪಕ್ಕದ ಮನೆಯ ಸುಗ್ರಾ ಈಗ ತಾಹೆರಾ ಬಳಿ ಬಿರಡೆ ಕತ್ತರಿಸುವುದನ್ನು ಕಲಿಯುತ್ತಿದ್ದಾರೆ, ಷೆಡ್ಡಿನ ಹೊರಗೇ ಕುಳಿತು.

ಬಿಸಿಲು ಗಲ್ಲಿಗೆ ಇಳಿದಿದೆ. ಒಲೆ ಆರಿಸಿದ ತಾಹೆರಾ ಬೆಳಗಿನ ತಗಡನ್ನು ಮರದ ದಿಮ್ಮಿಯ ಮೇಲೆ ಹಾಸಿ ಕೂತಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಉಳಿಯನ್ನು ಕೆಳಗಿಟ್ಟು ಯೋಚಿಸುತ್ತಾರೆ.

"ನಾಗಮಣಿಯಮ್ಮ ನಂದಿಬೆಟ್ಟಕ್ಕೆ ಹೋಗೋಣ ಅಂತಿದಾರೆ, ಅದೇ ಕಾರಲ್ಲಿ. ಅಲ್ಲಿ ಏರು ಜಾಸ್ತಿ ಅಂತೆ. ಅರ್ಧ ದಾರೀಲಿ ಎಲ್ರೂ ಗಾಡಿ ನಿಲ್ಸಿ, ರೇಡಿಯೇಟರ್‌ಗೆ ನೀರು ಹಾಕ್ತಾರಂತೆ."

ಉಳಿಯನ್ನು ಮತ್ತೆ ಗೆರೆಯ ಮೇಲಿಟ್ಟು, ಸುತ್ತಿಗೆ ಎತ್ತುತ್ತಾರೆ.

"ನಾವು ನಿಲ್ಸಲ್ಲ."