ನೋಟೊಗೆ ಹೊರಟ ಅತ್ತೆ

ಸ್ಟಾಕ್‌ಹೋಮ್ ವಿಮಾನ ನಿಲ್ದಾಣದಲ್ಲಿ ಸಿಸಿಲಿಯ ವಿಮಾನಕ್ಕೆ ಕಾಯುತ್ತಿದ್ದೇವೆ. ನಾವು ಹೊರಟಿರುವ ನೋಟೊ, ಭೂಕಂಪದಲ್ಲಿ ನೆಲಸಮವಾಗಿ ಮತ್ತೆ ಎದ್ದ, ಬರೋಕ್ ಶೈಲಿಯ ಕೆತ್ತನೆ ಕಟ್ಟಡಗಳ ಊರು ಎಂದು ಈಗಷ್ಟೇ ಹೇಳಿದೆ. ಅತ್ತೆಯ ಮುಖ ಸಣ್ಣಗಾಯಿತು.

"ಬಿದ್ದ ಊರ ನೋಡ್ಲಿಕ್ಕ ಯಾರರ ಹೋಗ್ತಾರೇನ?"

ಅತ್ತೆ ಆಳಂದದ ಕಡೆಯವರು. ಲಾತೂರಿನ ಭೂಕಂಪಕ್ಕೆ ಅವರ ಕಲ್ಲಿನ ಮನೆ ಕುಸಿದಿತ್ತು. ಇಲ್ಲೇ ಸ್ಟಾಕ್‌ಹೋಮ್ ಪಕ್ಕದ ಸೊಲ್ಲೆಂಟುನಾದ ನಮ್ಮ ಮನೆಯಲ್ಲೂ ಬಾಗಿಲ ಪಕ್ಕವೇ ಮಲಗುತ್ತಾರೆ. ಅವರಿಗಾಗಿಯೇ ನೋಟೊದ ಹೋಟೆಲಿನಲ್ಲಿ ನೆಲಮಹಡಿಯ ಕೋಣೆ ಹಿಡಿದಿದ್ದೆ.

ಪಕ್ಕದಲ್ಲಿ ದಾಲ್ಚಿನ್ನಿ ಬನ್ ತಿನ್ನುತ್ತಿದ್ದ ಸ್ವೀಡಿಷ್ ಅಜ್ಜಿಯೊಬ್ಬರು 'ನೋಟೊ' ಎಂಬ ಹೆಸರು ಕಿವಿಗೆ ಬಿದ್ದದ್ದೇ ತಮ್ಮ ಫೋನನ್ನು ಚಾಚಿದರು. ಅಪರಿಚಿತರು ಹೀಗೆ ತಾವಾಗಿ ಮಾತಿಗಿಳಿಯುವುದು ಈ ದೇಶದಲ್ಲಿ ಪವಾಡವೇ ಸರಿ. ಫೋನಿನಲ್ಲಿ ನೋಟೊದ ಚಿತ್ರವಿತ್ತು, ಜೇನುಬಣ್ಣದ ಕಲ್ಲಿನ ಮನೆಗಳು. ಬಾಲ್ಕನಿಯೊಂದನ್ನು ರೆಕ್ಕೆಯ ಕುದುರೆಗಳು ಬೆನ್ನ ಮೇಲೆ ಹೊತ್ತು ನಿಂತಿದ್ದವು.

ಅತ್ತೆ ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು.

"ಇದೆಲ್ಲಾ ಬಿದ್ದ ಮ್ಯಾಲ ಕಟ್ಟಿದ್ದಾ?"

"ಹೌದು ಅತ್ತೆ, ಆಮೇಲೇ ಕಟ್ಟಿದ್ದು."

"ನಾವು ಅಂಜಿ ತಗಡ ಹಾಕೀವಿ. ಇವ್ರು ನೋಡು, ಕುದುರಿ ಕೆತ್ಯಾರ!"

ಅವರು ನಕ್ಕ ಜೋರಿಗೆ ತಣ್ಣಗೆ ಕೂತಿದ್ದ ಇಡೀ ಸಾಲು ತಿರುಗಿ ನೋಡಿತು. ಅಜ್ಜಿಯೂ ನಕ್ಕರು.

ವಿಮಾನ ಹತ್ತಲು ಕರೆ ಬಂತು. ಅತ್ತೆ ಎಲ್ಲರಿಗಿಂತ ಮೊದಲು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಸುಮಾ, ಹೋಟೆಲ್‌ನವ್ರಿಗಿ ಫೋನ್ ಹಚ್ಚು. ಕೆಳಗಿಂದು ಬ್ಯಾಡ. ಕುದುರಿ ಮ್ಯಾಲಿನ ಖೋಲಿ ಇದ್ರ ಕೊಡ್ರಿ ಅನ್ನು."