ಬೈಸಿಕೊಳ್ಳುವ ಭಾರ್ಗವಿ

ಸಂಜೆ ಐದು ಗಂಟೆ ನಲವತ್ತೆರಡು ನಿಮಿಷ. ಸ್ಕೋರ್ ಬರೆಯುವ ಮೇಜಿನಲ್ಲಿ ಕೂತಿದ್ದೆ, ಗಡಿಯಾರ ನನ್ನ ಮುಂದೆಯೇ ಇತ್ತು. ಫ್ರೀ ಥ್ರೋ ಗೆರೆಯ ಮೇಲೆ ನಿಂತಿದ್ದ ಭಾರ್ಗವಿ ಚೆಂಡು ಎಸೆಯಲಿಲ್ಲ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಸ್ಕೆಟ್ ಬೋರ್ಡಿನ ಹಿಂದಿದ್ದ ಎದುರಾಳಿಗಳ ಗ್ಯಾಲರಿಯನ್ನೇ ದಿಟ್ಟಿಸತೊಡಗಿದಳು.

ಅವರನ್ನು ದಿಟ್ಟಿಸುವುದು ಅವಳಿಗೆ ಹೊಸದಲ್ಲ. ಅವಳು ನನ್ನ ಕಾಲೇಜು ಗೆಳತಿ, ರಾಜಾಜಿನಗರ ತಂಡದ ತಾರೆ. ಪ್ರತಿ ಬಾಸ್ಕೆಟ್ ಆದಮೇಲೆ ಎದುರಾಳಿ ಅಭಿಮಾನಿಗಳತ್ತ ತಿರುಗಿ, ಸರಿಯಾಗಿಯೇ ಇದ್ದ ಕ್ಲಿಪ್ಪನ್ನು ತೆಗೆದು, ನಿಧಾನವಾಗಿ ಮತ್ತೆ ಕೂದಲಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ವಿಜಯನಗರದವರ ಮೈ ಉರಿಯಲು ಅಷ್ಟು ಸಾಕಿತ್ತು. ಒಮ್ಮೆ ಯಾರೋ "ಏ ಒಂಟೆ, ಮರಳುಗಾಡಿಗೆ ಹೋಗೇ!" ಎಂದು ಕೂಗಿದರು. ಅವಳು ಅಂಗಳದ ಅರ್ಧದಿಂದಲೇ ಚೆಂಡು ಹಾಕಿ, ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು, ನೀರು ಹುಡುಕುವವಳಂತೆ ಅವರ ಮುಂದೆ ನಡೆದಾಡಿದಳು. ಬೈದವರೇ ನಕ್ಕುಬಿಟ್ಟರು. ನಕ್ಕಿದ್ದಕ್ಕೆ ಸಿಟ್ಟು ಬಂದು ಇನ್ನಷ್ಟು ಬೈದರು.

"ಸ್ವಲ್ಪ ತಗ್ಗಿ ಇರಬಾರ್ದೇನೇ?" ಎಂದು ಕೇಳಿದ್ದೆ.

"ಹೊಗಳೋರು ಹಾಫ್ ಟೈಮಿಗೆ ಬರ್ತಾರೆ ಕಣೇ. ಬೈಯೋರು ಮಾತ್ರ ಮೊದ್ಲೇ ಬಂದು ಸೀಟ್ ಹಿಡೀತಾರೆ. ಅವ್ರಿಗೆ ಮೋಸ ಮಾಡ್ಲಾ?"

ಹಾಗೆ ಸೀಟು ಹಿಡಿಯುವವರಲ್ಲಿ ವಿಜಯನಗರದ ಪಕ್ಕದ ಅತ್ತಿಗುಪ್ಪೆಯ ನನ್ನ ಅಪ್ಪನೂ ಒಬ್ಬರು. ಕಾಲು ಉಳುಕಿ ಅವಳು ಆಡದ ದಿನ ಅವರು ಅರ್ಧಕ್ಕೇ ಎದ್ದು ಮನೆಗೆ ಬಂದಿದ್ದರು. "ಆ ದುರಹಂಕಾರಿ ಇಲ್ದೆ ಅದೇನ್ ಮ್ಯಾಚು, ಬರೀ ಸಪ್ಪೆ" ಎಂದರು. ಆಟ ಬಾರದವಳನ್ನು ಯಾರಾದರೂ ಇಷ್ಟು ಶ್ರದ್ಧೆಯಿಂದ ಬೈಯುತ್ತಾರೆಯೇ?

ಆ ಸಂಜೆ ರಾಜಾಜಿನಗರ ಒಂದೇ ಪಾಯಿಂಟ್ ಹಿಂದಿತ್ತು, ಅವಳ ಕೈಯಲ್ಲಿ ಎರಡು ಎಸೆತಗಳಿದ್ದವು. ಅವಳ ಗುರಿ ತಪ್ಪಿಸಲೆಂದು, ಸರ್ವೆ ಕಂಬ ಕಟ್ಟಿ ಹಲಗೆ ಹಾಸಿದ್ದ ಗ್ಯಾಲರಿಯಲ್ಲಿ ವಿಜಯನಗರದವರೆಲ್ಲ ಒಟ್ಟಿಗೆ ಕಾಲು ಕುಟ್ಟುತ್ತಿದ್ದರು. ಅಪ್ಪ ಮೇಲಿನ ಸಾಲಿನಲ್ಲಿದ್ದರು. ಇಟ್ಟಿಗೆಯ ಮೇಲಿಟ್ಟ ಕಂಬವೊಂದು ಜಾರುತ್ತಿರುವುದು ಅವಳೊಬ್ಬಳಿಗೇ ಕಂಡಿತು.

"ಕಂಬ ಜಾರ್ತಿದೆ, ಇಳೀರಿ ಎಲ್ರೂ!" ಎಂದು ಕಿರುಚಿದಳು.

"ಡ್ರಾಮಾ ನೋಡು ಮಗಾ! ಮೊದ್ಲು ಬಾಲ್ ಎಸಿಯೇ!" ಎಂದು ನಕ್ಕು, ಇನ್ನೂ ಜೋರಾಗಿ ಕುಟ್ಟಿದರು.

ಅವಳು ಚೆಂಡನ್ನು ನೇರ ಅವರತ್ತ ಒದ್ದಳು. "ಬರೀ ಬಾಯೇನ್ರೋ ನಿಮ್ದು? ಧೈರ್ಯ ಇದ್ರೆ ಇಳಿದು ಬನ್ರೋ! ವಿಜಯನಗರದಲ್ಲಿ ಹುಟ್ಟಿದ್ದೆಲ್ಲ ಹೇಡಿಗಳೇ!"

ಇಡೀ ಗ್ಯಾಲರಿ ಇಳಿದು ಬಂತು. ಅಪ್ಪನ ಕೈಯಲ್ಲಿ ಚಪ್ಪಲಿ ಇತ್ತು. ಅವಳು ಬೈಯುತ್ತಲೇ ಹಿಂದೆ ಹಿಂದೆ ಸರಿದು, ಅವರನ್ನೆಲ್ಲ ಅಂಗಳದ ಆಚೆ ತುದಿಗೆ ಎಳೆದುಕೊಂಡು ಹೋದಳು. ಯಾರೋ ತಳ್ಳಿದ ರಭಸಕ್ಕೆ ಅವಳ ತುಟಿ ಒಡೆಯಿತು. ಅದೇ ಹೊತ್ತಿಗೆ ಹಿಂದೆ ಗ್ಯಾಲರಿ ಕುಸಿಯಿತು. ಹಲಗೆಗಳ ಕೆಳಗೆ ಒಬ್ಬರೂ ಇರಲಿಲ್ಲ.

ಎಸೆತ ಹೋಯಿತು, ಪಂದ್ಯವೂ ಹೋಯಿತು. "ಪ್ಲೇಯರ್ ಜನರನ್ನ ಕೆರಳಿಸಿದ್ಲು ಅಂತ ಬರೆದು ಸೈನ್ ಮಾಡಮ್ಮ. ಕಂಬದ ವಿಷ್ಯ ಬೇಡ" ಎಂದರು ಲೀಗ್ ನಡೆಸುವ ಸಂಘದ ಕಾರ್ಯದರ್ಶಿ. ನಾನು ಬರೆದೆ: "ಕೆರಳಿಸಿದಳು. ಕೆರಳಿದ್ದರಿಂದಲೇ ಅವರು ಬದುಕಿದರು. ಗ್ಯಾಲರಿ ಕಟ್ಟಿಸಿದ್ದು ಸಂಘ." ಆ ಮೇಜಿಗೆ ನನ್ನನ್ನು ಮತ್ತೆ ಕರೆಯಲಿಲ್ಲ. ಬೇಕಾಗಿಯೂ ಇಲ್ಲ. ಅಪ್ಪ ತಮ್ಮ ಸಾಲಿನವರನ್ನೆಲ್ಲ ಕಟ್ಟಿಕೊಂಡು ಸಂಘದ ಕಚೇರಿಗೆ ಹೋಗಿ ಮೇಜು ಗುದ್ದಿದರು: "ಅವಳನ್ನ ಬೈಯೋ ಹಕ್ಕು ನಮ್ದು ಸಾರ್. ನಿಮಗೆ ಯಾರು ಕೊಟ್ರು?"

ಆದರೂ ನಗರದ ಲೀಗಿನಿಂದ ಅವಳನ್ನು ಎರಡು ವರ್ಷ ಹೊರಗಿಟ್ಟರು. ಅವಳು ಮೈಸೂರಿನ ತಂಡ ಸೇರಿದಳು. ನನಗೆ ಮಾತ್ರ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಗ್ಯಾಲರಿ ಬೀಳುತ್ತಿತ್ತು. ನನ್ನ ಕನಸಿನಲ್ಲಿ ಯಾರೂ ಇಳಿದು ಬರುತ್ತಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಅಪ್ಪ ಮತ್ತು ಅವರ ಸಾಲಿನ ಹನ್ನೊಂದು ಜನ ಕೆಂಗೇರಿಯಲ್ಲಿ ಮೈಸೂರಿನ ರೈಲು ಹತ್ತಿದರು. ಅಪ್ಪ ಸಂಜೆ ಮನೆಗೆ ಬಂದಾಗ ಗಂಟಲು ಪೂರ್ತಿ ಕಟ್ಟಿತ್ತು.

"ಮೂವತ್ತೊಂದು ಪಾಯಿಂಟ್ ಹೊಡೆದ್ಲು ನಿನ್ನ ಫ್ರೆಂಡು. ಕೊಬ್ಬು ಒಂಚೂರೂ ಇಳಿದಿಲ್ಲ. ಬೈದೂ ಬೈದೂ ಸಾಕಾಯ್ತು" ಎಂದು ಪಿಸುಗುಟ್ಟಿ, ಬಿಸಿನೀರು ಕೇಳಿದರು.

ಅಂದು ರಾತ್ರಿ ಮಲಗಿದ ನಾನು ಎದ್ದಾಗ ಬಿಸಿಲು ಕಿಟಕಿ ದಾಟಿ ಹಾಸಿಗೆಗೆ ಬಂದಿತ್ತು.